ಮಣ್ಣು ನೋಡೋರು

ಮೈಸೂರಿನಲ್ಲಿ ಮನೆ ಕಟ್ಟಿಸುವವರು ನೆಲವನ್ನು ಎರಡು ಸಲ ಅಗೆಸುತ್ತಾರೆ. ಎರಡನೆಯ ಸಲದ್ದು ಎಲ್ಲರಿಗೂ ಗೊತ್ತು. ಹೊಸ ಗುದ್ದಲಿಗೆ ಅರಿಸಿನ ಕುಂಕುಮ ಹಚ್ಚಿ, ಈಶಾನ್ಯದ ಮೂಲೆಯಲ್ಲಿ ಪುರೋಹಿತರನ್ನು ಕೂರಿಸಿ, ಯಜಮಾನ ಪಂಚೆ ಎತ್ತಿ ಕಟ್ಟಿ ಮೂರು ಏಟು ಹಾಕಿ ಫೋಟೊ ತೆಗೆಸಿಕೊಳ್ಳುತ್ತಾನೆ. ಅದಕ್ಕೆ ಗುದ್ದಲಿ ಪೂಜೆ ಅಂತ ಹೆಸರಿದೆ, ಮುಹೂರ್ತವಿದೆ, ಬಂದವರಿಗೆ ಕೇಸರಿಬಾತೂ ಇದೆ. ಮೊದಲನೆಯ ಸಲದ್ದಕ್ಕೆ ಇದ್ಯಾವುದೂ ಇಲ್ಲ. ಪೂಜೆಗೆ ಹದಿನೈದು ದಿನವೋ ತಿಂಗಳೋ ಮುಂಚೆ ಹಾರೆ, ಪಿಕಾಸಿ, ಬಾಂಡ್ಲಿ ಹೊತ್ತುಕೊಂಡು ಇಬ್ಬರು ಬಂದು, ಸೈಟಿನ ಮೂರು ನಾಲ್ಕು ಕಡೆ ಆಳೆತ್ತರಕ್ಕೂ ಮೀರಿದ ಗುಂಡಿ ತೋಡಿ, ಎಂಜಿನಿಯರ್ ಮಣ್ಣು ತುಂಬಿಕೊಂಡು ಹೋದ ಮೇಲೆ ಮುಚ್ಚಿ, ಹೊರಟುಹೋಗಿರುತ್ತಾರೆ. ತಳಪಾಯ ಎಷ್ಟು ಆಳಕ್ಕೆ ಇಳಿಯಬೇಕು, ಕೆಳಗಿನ ಮಣ್ಣು ಭಾರ ತಡೆಯುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಆ ಗುಂಡಿಗಳಿಂದ. ಯಜಮಾನನ ಮೂರು ಏಟಿನಿಂದಲ್ಲ.

ಹಾಗೆ ಇಪ್ಪತ್ತಾರು ವರ್ಷ ಗುಂಡಿ ತೋಡಿದ ಇಬ್ಬರು ಹುಚ್ಚಯ್ಯ ಮತ್ತು ಅವನ ಹೆಂಡತಿ ಪುಟ್ಟಲಿಂಗಮ್ಮ. ಹುಚ್ಚಯ್ಯ ಈಗಿಲ್ಲ. ಪುಟ್ಟಲಿಂಗಮ್ಮ ಕುಂಬಾರಕೊಪ್ಪಲಿನ ಶೀಟಿನ ಮನೆಯಲ್ಲಿ ಮಗಳು ಧರಣಿಯ ಜೊತೆ ಇದ್ದಾಳೆ. ಅವಳ ಬಗ್ಗೆ ಹೇಳಬೇಕು ಅಂತಲೇ ಇಷ್ಟು ಪೀಠಿಕೆ.

ಇಬ್ಬರೂ ತಿ. ನರಸೀಪುರದ ಕಡೆಯವರು. ಊರಿನಲ್ಲಿ ಹುಚ್ಚಯ್ಯನ ಮನೆತನಕ್ಕೆ ಒಂದು ಕೆಲಸ ಹುಟ್ಟಿನಿಂದಲೇ ಅಂಟಿಕೊಂಡಿತ್ತು. ಮೇಲಿನ ಬೀದಿಯಲ್ಲಿ ಯಾರು ಸತ್ತರೂ ಹೆಣದ ಗುಂಡಿ ಇವರೇ ತೋಡಬೇಕು. ಹೇಳಿ ಕಳಿಸಿದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳಬೇಕು. ಮದುವೆಯಾದ ವರ್ಷವೇ ಹುಚ್ಚಯ್ಯ, "ಇನ್ಮ್ಯಾಕೆ ನಿಮ್ ಗುಂಡಿ ನೀವೇ ತೋಡ್ಕಳಿ" ಎಂದು ಹೇಳಿ ಹೆಂಡತಿಯನ್ನು ಕರೆದುಕೊಂಡು ಮೈಸೂರಿನ ಬಸ್ಸು ಹತ್ತಿಬಿಟ್ಟ. ಬಂದು ಹಿಡಿದದ್ದೂ ಗುಂಡಿಯ ಕೆಲಸವನ್ನೇ. ಅದಕ್ಕೆ ಪುಟ್ಟಲಿಂಗಮ್ಮ ಹಂಗಿಸಿದರೆ ಅವನ ಉತ್ತರ ತಯಾರಿರುತ್ತಿತ್ತು.

"ಆಗ ಸತ್ತೋರ್ಗೆ ತೋಡ್ತಿದ್ದೆ, ಈಗ ಬದ್ಕೋರ್ಗೆ ತೋಡ್ತೀನಿ. ಅಷ್ಟಾದ್ರೂ ಮ್ಯಾಕ್ ಬಂದಿವ್ನಿ ಕಣಮ್ಮಿ."

ಊರಿನಲ್ಲಿ ಒಡೆಯರನ್ನು ಕರೆಯುವ ಹಾಗೆ ಹುಚ್ಚಯ್ಯ ಇಲ್ಲಿ ಯಾರನ್ನೂ 'ಬುದ್ಧೀ' ಎಂದು ಕರೆಯುತ್ತಿರಲಿಲ್ಲ. ಎಂಥ ದೊಡ್ಡ ಬಂಗಲೆಯವನಾದರೂ ಬರೀ 'ಸಾರ್'. ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಅದರ ಪಕ್ಕ ಬುದ್ಧ. ಓದು ಬರದಿದ್ದರೂ ಮಣ್ಣನ್ನು ಓದುತ್ತಿದ್ದ. ಕೈಯಲ್ಲಿ ಹಿಡಿದು ನೋಡುವುದಿರಲಿ, ಪಿಕಾಸಿ ಬಿದ್ದ ಸದ್ದಿನಲ್ಲೇ ಹೇಳಿಬಿಡುತ್ತಿದ್ದ, ಇನ್ನರ್ಧ ಅಡಿಗೆ ಗರಸು ಬರುತ್ತೆ ಎಂದು. ಬೇರೆ ಕಡೆಯಿಂದ ತಂದು ತುಂಬಿದ ಮಣ್ಣು ಸಿಕ್ಕಿದರೆ ನಗುತ್ತಿದ್ದ. "ಇದೂ ನಮ್ಮಂಗೇ ಎಲ್ಲಿಂದ್ಲೋ ಬಂದು ಸೇರ್ಕಂಡೈತೆ. ನಂಬ್ಬ್ಯಾಡ ಇದ್ನ" ಎನ್ನುತ್ತಿದ್ದ. ಜೆಸಿಬಿ ಬಂದ ಮೇಲೆ ಕೆಲಸ ಅರ್ಧಕ್ಕರ್ಧ ಕಡಿಮೆಯಾಯಿತು. ಆದರೂ ಹಳೇ ಕಾಂಪೌಂಡುಗಳೊಳಗೆ ಯಂತ್ರ ನುಗ್ಗದ ಕಡೆ, ತಳದ ಮಣ್ಣು ಕದಡದೆ ಇದ್ದ ಹಾಗೇ ಬೇಕು ಎನ್ನುವ ಕಡೆ ಇವರನ್ನೇ ಕರೆಯುತ್ತಿದ್ದರು.

ಅವನು ಒಳಗೆ, ಅವಳು ಮೇಲೆ. ಅವನು ತುಂಬಿಕೊಟ್ಟ ಬಾಂಡ್ಲಿಯನ್ನು ಹಗ್ಗದಲ್ಲಿ ಎಳೆದುಕೊಂಡು ದೂರ ಸುರಿದು ಬಂದು ಮತ್ತೆ ಇಳಿಬಿಡುವುದು ಅವಳ ಪಾಲಿನದು. ಹೀಗಾಗಿ ಪುಟ್ಟಲಿಂಗಮ್ಮ ಗಂಡನ ಮುಖಕ್ಕಿಂತ ಅವನ ನೆತ್ತಿಯನ್ನೇ ಹೆಚ್ಚು ನೋಡಿದ್ದಳು. ಆ ನೆತ್ತಿಯಲ್ಲಿ ಮೊದಲು ದಟ್ಟ ಕೂದಲಿತ್ತು, ಆಮೇಲೆ ನರೆಯಿತು, ಆಮೇಲೆ ಎರಡು ರೂಪಾಯಿ ನಾಣ್ಯದಷ್ಟು ಬೋಳಾಯಿತು, ಬರಬರುತ್ತಾ ಅಂಗೈಯಷ್ಟಾಯಿತು. ಅದು ಅವನಿಗೇ ಗೊತ್ತಿರಲಿಲ್ಲ. ಅವಳು ಹೇಳಿದರೆ, "ಸುಳ್ಳೇಳ್ಬ್ಯಾಡ, ಎಳಿ ಮ್ಯಾಕೆ" ಎನ್ನುತ್ತಿದ್ದ.

ಇನ್ನು ಒಂದು ವಿಷಯ ಹೇಳಬೇಕು. ಹೇಳಲು ಚಿಕ್ಕದು, ಆದರೆ ಅವಳ ಬಾಳು ಎಡವಿದ್ದು ಅದೇ ಕಲ್ಲಿಗೆ.

ಪೂಜೆಗೆ ಮುಂಚೆ ನೆಲಕ್ಕೆ ಕಬ್ಬಿಣ ತಾಕಬಾರದು ಎಂದು ಮನೆ ಕಟ್ಟಿಸುವವರ ನಂಬಿಕೆ. ಮಣ್ಣು ಪರೀಕ್ಷೆಯಾಗದೆ ನಕ್ಷೆ ಮಾಡುವುದಿಲ್ಲ ಎಂದು ಎಂಜಿನಿಯರನ ಹಟ. ಎರಡೂ ಉಳಿಯಬೇಕಾದರೆ ನಡುವೆ ಒಂದು ಸುಳ್ಳು ಬೇಕಾಗುತ್ತದೆ. ಆ ಸುಳ್ಳನ್ನು ಇವರಿಗೆ ಕಲಿಸಿಕೊಟ್ಟವನು ಮೇಸ್ತ್ರಿ ಮಹದೇವಯ್ಯ. ಎಲ್ಲಿ ಗುಂಡಿ ಬೇಕಾದರೂ ಜನ ಅವನಿಗೆ ಫೋನ್ ಮಾಡುತ್ತಾರೆ, ಅವನು ಇವರಿಗೆ ಮಾಡುತ್ತಾನೆ. ಮೊದಲನೆಯ ವಾರವೇ ಕೂರಿಸಿಕೊಂಡು ಹೇಳಿದ್ದ:

"ನೋಡಿ, ಅಗೀತೀವಿ ಅನ್ಬೇಡಿ. ಕೆಲ್ಸ ಶುರುವಾಯ್ತು ಅಂತಂತೂ ಬಾಯಲ್ಲಿ ಬರಲೇಬಾರ್ದು. ಮನೆ ಹೆಂಗಸ್ರು, ಮುದುಕ್ರು ಕೇಳ್ತಾರೆ. ಮಣ್ಣ್ ನೋಡಕ್ ಬಂದಿದೀವಿ, ಇದು ಲೆಕ್ಕಕ್ಕೆ ಬರಲ್ಲ ಅನ್ನಿ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

ಹುಚ್ಚಯ್ಯನಿಗೆ ಇಂಥ ನಯದ ಮಾತು ಆಗಿಬರುತ್ತಿರಲಿಲ್ಲ. ಹಾಗಾಗಿ ಮಾತು ಪುಟ್ಟಲಿಂಗಮ್ಮನ ಪಾಲಿಗೆ ಬಂತು. ಗೇಟಿನಲ್ಲಿ ಯಾರಾದರೂ ಹುಬ್ಬು ಗಂಟಿಕ್ಕಿದರೆ ಅವಳು ಸೆರಗು ಸರಿಮಾಡಿಕೊಂಡು, "ಕೆಲ್ಸ ಇನ್ನೂ ಶುರುವಾಗಿಲ್ಲ ಅಮ್ಮಾವ್ರೇ. ಪೂಜೆನೇ ಆಗಿಲ್ವಲ್ಲ. ನಾವು ಬರೀ ಮಣ್ಣ್ ನೋಡೋರು" ಎನ್ನುವಳು. ಅಷ್ಟು ಹೇಳಿದರೆ ಅವರ ಮುಖ ಸಡಿಲವಾಗುತ್ತಿತ್ತು, ಕೆಲವು ಕಡೆ ಕಾಫಿಯೂ ಬರುತ್ತಿತ್ತು. ಕೊನೆಕೊನೆಗೆ ಯಾರೂ ಕೇಳದಿದ್ದರೂ ಅವಳ ಬಾಯಿಂದ ಆ ಮಾತು ತಾನಾಗಿಯೇ ಬರುತ್ತಿತ್ತು. ಗುಂಡಿಯೊಳಗಿಂದ ಹುಚ್ಚಯ್ಯ ನಗುತ್ತಿದ್ದ.

"ಅವರ ಭೂಮ್ತಾಯಿ ಕಣ್ ಬುಡಕ್ ಮುಂಚೆ ನಾವು ಅವಳ ಒಟ್ಟೆನೇ ನೋಡ್ಬುಟ್ಟಿರ್ತೀವಿ. ಆಮ್ಯಾಕ್ ಬಂದು ಮೂರ್ ಏಟ್ ಹಾಕ್ಬುಟ್ಟು ನಾವೇ ಮೊದ್ಲು ಅಂತಾರೆ. ಅನ್ಕಳ್ಳಿ ಬುಡು."

ಇವರಿಗೆ ಸುಗ್ಗಿ ಎಂದರೆ ಆಷಾಢ. ಆಷಾಢದಲ್ಲಿ ಯಾರೂ ಶುಭಕಾರ್ಯಕ್ಕೆ ಕೈ ಹಾಕುವುದಿಲ್ಲ. ಶ್ರಾವಣ ಬಂದ ಕೂಡಲೇ ಗುದ್ದಲಿ ಪೂಜೆ ಮುಗಿಸಿ ಕಟ್ಟಡ ಎಬ್ಬಿಸಬೇಕು ಎನ್ನುವವರೆಲ್ಲ ಗುಂಡಿಯನ್ನು ಆಷಾಢದಲ್ಲೇ ತೋಡಿಸಿಬಿಡುತ್ತಾರೆ. ಹೇಗೂ ಅದು ಲೆಕ್ಕಕ್ಕಿಲ್ಲವಲ್ಲ! ಆದರೆ ಆಷಾಢವೆಂದರೆ ಮೈಸೂರಿನಲ್ಲಿ ಜಿಟಿಜಿಟಿ ಮಳೆಯ ಕಾಲ, ಮಣ್ಣು ನೆನೆದು ಭಾರವಾಗಿರುವ ಕಾಲ. ದೇವರಿಗೆ ಬೇಡವಾದ ತಿಂಗಳು ಗುಂಡಿ ತೋಡುವವರಿಗೂ ಒಳ್ಳೆಯದಲ್ಲ. ಅದನ್ನು ಪಂಚಾಂಗದಲ್ಲಿ ಯಾರೂ ಬರೆದಿಲ್ಲ.

ಹೋದ ವರ್ಷದ ಆಷಾಢದಲ್ಲಿ ಮಹದೇವಯ್ಯ ಯಾದವಗಿರಿಯ ಒಂದು ಸೈಟಿಗೆ ಕಳಿಸಿದ. ಅಲ್ಲಿ ಹಳೇ ಹೆಂಚಿನ ಬಂಗಲೆಯನ್ನು ಕೆಡವಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸುವ ಯೋಚನೆಯಿತ್ತು. ಮಾಲೀಕರು ಲಕ್ಷ್ಮಮ್ಮ ಎಂಬ ಅರವತ್ತು ದಾಟಿದ ಹೆಂಗಸು. ಒಳ್ಳೆಯ ಮಾತಿನವರು. ಆಷಾಢ ಶುಕ್ರವಾರ ಎಂದು ಬೆಳಗ್ಗೆಯೇ ಬೆಟ್ಟಕ್ಕೆ ಹೋಗಿ ಬಂದು, ಹಣೆಯಲ್ಲಿ ಕುಂಕುಮ ಇಟ್ಟುಕೊಂಡೇ ಸೈಟಿಗೆ ಬಂದಿದ್ದರು. ಬಂದವರೇ ಎಲ್ಲರೂ ಕೇಳುವುದನ್ನೇ ಕೇಳಿದರು.

"ಪೂಜೆ ಆಗ್ದೆ ಗುದ್ದಲಿ ಹಾಕ್ತಿದೀರಲ್ಲಮ್ಮ, ಪರವಾಗಿಲ್ವಾ?"

ಪುಟ್ಟಲಿಂಗಮ್ಮ ತನ್ನ ಮಾತನ್ನು ಒಪ್ಪಿಸಿದಳು. ಲಕ್ಷ್ಮಮ್ಮನಿಗೆ ಸಮಾಧಾನವಾಯಿತು. ಹೋಗುವಾಗ, "ಆ ಕಡೆ ಹುಲ್ಲುಹಾಸಿದೆ, ಅದರ ಮೇಲೆ ಮಣ್ಣು ಹಾಕ್ಬೇಡಿ, ಹಾಳಾಗುತ್ತೆ" ಎಂದರು. ಕೆಡವಲಿರುವ ಮನೆಯ ಹುಲ್ಲುಹಾಸು! ಆದರೂ ಮಾಲೀಕರ ಮಾತು. ಪುಟ್ಟಲಿಂಗಮ್ಮ ತೆಗೆದ ಮಣ್ಣನ್ನು ದೂರ ಹಾಕದೆ ಗುಂಡಿಯ ಪಕ್ಕದಲ್ಲೇ ರಾಶಿ ಹಾಕುತ್ತಾ ಬಂದಳು. ಅಂಚಿಗೆ ಮಣ್ಣು ಹಾಕಬಾರದೆಂದು ಹುಚ್ಚಯ್ಯ ಇಪ್ಪತ್ತಾರು ವರ್ಷ ಹೇಳಿದ್ದ. ಅವತ್ತು ಒಳಗಿದ್ದವನಿಗೆ ರಾಶಿ ಕಾಣುತ್ತಿರಲಿಲ್ಲ, ಅವಳೂ ಹೇಳಲಿಲ್ಲ.

ಮೊದಲೆರಡು ಗುಂಡಿಗಳಲ್ಲಿ ಐದಡಿಗೇ ಗಟ್ಟಿ ಗರಸು ಸಿಕ್ಕಿತು. ಮೂರನೆಯದು ಹಳೇ ಅಡುಗೆಮನೆಯ ಹಿಂದೆ. ಅಲ್ಲಿ ಏಳಡಿಯಾದರೂ ಮೆತ್ತನೆಯ ಕರಿಮಣ್ಣು, ನಡುನಡುವೆ ಇಟ್ಟಿಗೆ ಚೂರು, ಇದ್ದಿಲು.

"ಇದು ಹುಟ್ಟು ಮಣ್ಣಲ್ಲ ಕಣಮ್ಮಿ," ಎಂದು ಹುಚ್ಚಯ್ಯ ಕೂಗಿ ಹೇಳಿದ. "ಯಾವ್ದೋ ಅಳೇ ಬಚ್ಚಲ್ ಗುಂಡಿನ ತುಂಬವ್ರೆ. ಆ ಉಡ್ಗುನ್ಗೇಳು."

ಆ ಹುಡುಗ ಎಂದರೆ ಮಣ್ಣು ಪರೀಕ್ಷೆಯ ಕಂಪನಿಯ ಎಂಜಿನಿಯರ್ ಸಂಜಯ್. ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಅವನು ಬಗ್ಗಿ ನೋಡಿ, ಟೇಪು ಇಳಿಬಿಟ್ಟು, "ಗಟ್ಟಿ ನೆಲ ಸಿಗೋವರೆಗೂ ಹೋಗಬೇಕಲ್ಲಣ್ಣ, ಇಲ್ದಿದ್ರೆ ರಿಪೋರ್ಟ್ ಬರೆಯೋಕಾಗಲ್ಲ. ಇನ್ನೆರಡಡಿ ನೋಡೋಣ" ಎಂದ. ಅವನು ಹೇಳಿದ್ದು ತಪ್ಪಲ್ಲ. ಪುಸ್ತಕದಲ್ಲಿ ಹಾಗೇ ಇದೆ. ಗುಂಡಿಯ ಗೋಡೆಗೆ ಹಲಗೆ ಕೊಡಬೇಕು ಎಂದೂ ಅದೇ ಪುಸ್ತಕದಲ್ಲಿದೆ. ಆದರೆ ಹಲಗೆ ತರಿಸುವುದು ತನ್ನ ಕೆಲಸ ಎಂದು ಯಾರೂ ಅಂದುಕೊಂಡಿರಲಿಲ್ಲ.

ಒಂಬತ್ತಡಿಗೆ ಹುಚ್ಚಯ್ಯನ ಹಾರೆ 'ಟಣ್' ಎಂದಿತು. "ಸಿಕ್ತು" ಎಂದ. ಪುಟ್ಟಲಿಂಗಮ್ಮ ಖಾಲಿ ಬಾಂಡ್ಲಿ ಇಳಿಬಿಡುತ್ತಾ ಕೆಳಗೆ ನೋಡಿದಳು. ಮಬ್ಬಿನಲ್ಲಿ ನೆತ್ತಿ ಕಾಣುತ್ತಿತ್ತು. ಆಮೇಲೆ ಕಾಣಲಿಲ್ಲ. ಮಣ್ಣು ಕುಸಿಯುವುದಕ್ಕೆ ದೊಡ್ಡ ಸದ್ದೇನೂ ಇರುವುದಿಲ್ಲ, ನೆನೆದ ರಾಗಿ ಮೂಟೆ ಕೆಳಗಿಟ್ಟ ಹಾಗೆ ಇರುತ್ತದೆ. ಅವಳು ನಿಂತಿದ್ದ ನೆಲವೂ ಅರ್ಧ ಹೋಗಿತ್ತು. ಅವಳು ಅದರ ಮೇಲೇ ಜಾರಿಕೊಂಡು ಇಳಿದು ಕೈಯಲ್ಲಿ ಕೆದಕಿದಳು. ಸಂಜಯ್ ಕಿರುಚಿಕೊಂಡ, ಫೋನ್ ಮಾಡಿದ, ತಾನೂ ಇಳಿದು ಕೆದಕಿದ. ಅಗ್ನಿಶಾಮಕದವರು ಬಂದು ಹುಚ್ಚಯ್ಯನನ್ನು ಹೊರಗೆ ತೆಗೆಯುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಬಾಯಿ ತುಂಬ ಮಣ್ಣಿತ್ತು.

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಅವಳನ್ನು ಕೂರಿಸಿದ್ದರು. ಉಗುರುಗಳಲ್ಲಿ ರಕ್ತ, ಮೈಯೆಲ್ಲ ಕೆಸರು. ಲಕ್ಷ್ಮಮ್ಮ ಎದುರಿಗೆ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. ಒಬ್ಬ ಪೊಲೀಸಿನವನು ಬಂದು ಕಾಗದ ತೊಡೆಯ ಮೇಲಿಟ್ಟುಕೊಂಡು ಹೆಸರು, ವಯಸ್ಸು, ಊರು ಕೇಳಿದ. ಆಮೇಲೆ ಕೇಳಿದ:

"ಅಲ್ಲಿ ಕೆಲಸ ಶುರುವಾಗಿತ್ತೇನಮ್ಮ?"

ಆ ಗಳಿಗೆಯಲ್ಲಿ ಪುಟ್ಟಲಿಂಗಮ್ಮನಿಗೆ ತಾನೆಲ್ಲಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ. ಎದುರಿಗೆ ಮನೆ ಮಾಲೀಕರು, ಕೇಳುತ್ತಿರುವ ಪ್ರಶ್ನೆ ಇಪ್ಪತ್ತಾರು ವರ್ಷ ಗೇಟಿನಲ್ಲಿ ಕೇಳಿಸಿಕೊಂಡದ್ದು. ಉತ್ತರ ನಾಲಗೆಯ ತುದಿಯಲ್ಲೇ ಇತ್ತು.

"ಇಲ್ಲ ಸ್ವಾಮಿ. ಪೂಜೆನೇ ಆಗಿರ್ನಿಲ್ವಲ್ಲ. ಬರೀ ಮಣ್ಣ್ ನೋಡ್ತಿದ್ದೋ."

ಪೊಲೀಸಿನವನು ಬರೆದುಕೊಂಡ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮುಂಚೆ ಕೆಸರು ಒರೆಸಬೇಕಾಯಿತು. ಕಾಗದದಲ್ಲಿ ಏನು ಬರೆದಿತ್ತು ಎಂದು ಧರಣಿ ಓದಿದ್ದು ಹದಿನೈದು ದಿನದ ಮೇಲೆ. 'ಸದರಿ ನಿವೇಶನದಲ್ಲಿ ಯಾವುದೇ ಕೆಲಸ ಪ್ರಾರಂಭವಾಗಿರುವುದಿಲ್ಲ. ನನ್ನ ಗಂಡನು ಮಣ್ಣು ನೋಡುತ್ತಿದ್ದಾಗ ಆಕಸ್ಮಿಕವಾಗಿ ಗುಂಡಿಯಲ್ಲಿ ಬಿದ್ದು ಮೃತಪಟ್ಟಿರುತ್ತಾನೆ. ಇದರಲ್ಲಿ ಯಾರ ಮೇಲೂ ಅನುಮಾನವಿರುವುದಿಲ್ಲ.'

ಮಣ್ಣು ನೋಡುತ್ತಿದ್ದಾಗ! ಯಾರೋ ದಾರಿಹೋಕ ಕೈ ಹಿಂದೆ ಕಟ್ಟಿಕೊಂಡು ಇಣುಕಿ ನೋಡುತ್ತಾ ಬಿದ್ದುಬಿಟ್ಟ ಹಾಗೆ! ಧರಣಿ ಓದಿ ಮುಗಿಸಿ ಕಾಗದವನ್ನು ನೆಲಕ್ಕೆ ಎಸೆದಳು. ಅವಳು ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಕಾಗದದ ಒಂದೊಂದು ಪದ ಏನು ಮಾಡಬಲ್ಲದು ಎಂದು ಅವಳಿಗೆ ಗೊತ್ತಿತ್ತು.

"ಯಾಕವ್ವ ಇಂಗಂದೆ?"

ಪುಟ್ಟಲಿಂಗಮ್ಮ ನೆಲದ ಮೇಲಿನ ಕಾಗದವನ್ನು ಎತ್ತಿ ಮಡಚಿಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ತಾನೇ ಅಂಚಿಗೆ ಸುರಿದ ಮಣ್ಣು ಅವನನ್ನು ಒಂದು ಸಲ ಹೂಳಿತು, ತಾನೇ ಆಡಿದ ಮಾತು ಇನ್ನೊಂದು ಸಲ ಹೂಳಿತು ಎಂದು ಅವಳಿಗೆ ಅನ್ನಿಸಿತು. ಮಣ್ಣಿನ ಮಾತನ್ನು ಅವಳು ಮಗಳಿಗೂ ಹೇಳಲಿಲ್ಲ. ಆದರೆ ಆಡಿದ ಮಾತನ್ನಾದರೂ ತಿದ್ದಬೇಕು ಎಂದು ಅವತ್ತೇ ನಿಶ್ಚಯ ಮಾಡಿಕೊಂಡಳು. ಹುಚ್ಚಯ್ಯ ಸುಮ್ಮನೆ ಬಿದ್ದು ಸಾಯಲಿಲ್ಲ, ಕೆಲಸ ಮಾಡುತ್ತಾ ಸತ್ತ. ಸರ್ಕಾರದ ಯಾವುದಾದರೂ ಒಂದು ಕಾಗದದಲ್ಲಿ ಹಾಗೆಂದು ಬರೆಯಬೇಕು. ಪರಿಹಾರ ಬಂದರೆ ಬರಲಿ, ಬಿಟ್ಟರೆ ಬಿಡಲಿ, ಅವಳಿಗೆ ಬೇಕಾಗಿದ್ದು ಅಷ್ಟೇ.

ಮೊದಲು ಮಹದೇವಯ್ಯನ ಹತ್ತಿರ ಹೋದಳು. ಅವನು ಕೂರಿಸಿ ಟೀ ತರಿಸಿದ, ಕಣ್ಣಲ್ಲಿ ನೀರನ್ನೂ ತಂದುಕೊಂಡ. "ನಾನು ಬರೀ ಫೋನ್ ನಂಬರ್ ಕೊಟ್ಟೋನು ಕಣಮ್ಮ. ಆಳು ನನ್ನೋರು ಅಂತ ಹೆಂಗೆ ಬರ್ಕೊಡ್ಲಿ?" ಎಂದ. ಮಣ್ಣು ಪರೀಕ್ಷೆಯ ಕಂಪನಿಯವರು, ತಮ್ಮ ಕೆಲಸ ಮಣ್ಣು ಬಂದ ಮೇಲೆ ಶುರುವಾಗುವುದು, ತೆಗೆಯುವುದು ಸೈಟಿನವರಿಗೆ ಬಿಟ್ಟದ್ದು ಎಂದರು. ಹೀಗೆ ಎಲ್ಲರೂ ಕೈ ತೊಳೆದುಕೊಂಡರು. ಉಳಿದವರು ಲಕ್ಷ್ಮಮ್ಮ.

ಪುಟ್ಟಲಿಂಗಮ್ಮ ಯಾದವಗಿರಿಗೆ ಹೋದಾಗ ಶ್ರಾವಣ. ಸೈಟಿನಲ್ಲಿ ಹಿಂದಿನ ದಿನವಷ್ಟೇ ಪೂಜೆ ಮುಗಿದಿತ್ತು, ಈಶಾನ್ಯದ ಮೂಲೆಯಲ್ಲಿ ಬಾಳೆಕಂದು ಇನ್ನೂ ಬಾಡಿರಲಿಲ್ಲ. ಬಂಗಲೆ ಇದ್ದ ಜಾಗ ಬಯಲಾಗಿತ್ತು. ಲಕ್ಷ್ಮಮ್ಮ ಎದುರಿನ ಮನೆಯಲ್ಲಿ ಬಾಡಿಗೆಗಿದ್ದರು. ಒಳಗೆ ಕರೆದರು, ಹಣ್ಣು ಕೊಟ್ಟರು. ತುಂಬ ಮರುಗಿದರು. ಮರುಗುತ್ತಲೇ ಹೇಳಿದರು:

"ನಾನು ಅವತ್ತೇ ಕೇಳಿದೆ ನೋಡು, ಪೂಜೆ ಆಗಿಲ್ವಲ್ಲ ಅಂತ. ಅದಕ್ಕೇ ಹೀಗಾಯ್ತೋ ಏನೋ. ಆ ಮೂಲೆ ನೆಲ ಅಷ್ಟು ಟೊಳ್ಳು ಅಂತ ಯಾರಿಗೆ ಗೊತ್ತಿತ್ತು ಹೇಳು? ಈಗ ಎಂಜಿನಿಯರ್ ಅಲ್ಲಿ ತಳಪಾಯನ ಹನ್ನೆರಡಡಿಗೆ ಇಳಿಸ್ತಾರಂತೆ. ಕಟ್ಟಿ ಆದ್ಮೇಲೆ ಕುಸಿದಿದ್ರೆ ಏನು ಗತಿ? ಸದ್ಯ, ಮೊದಲೇ ಗೊತ್ತಾಯ್ತು."

ಆ ಹೆಂಗಸಿಗೆ ತಾನೇನು ಹೇಳಿದೆ ಎಂಬ ಅರಿವೇ ಇರಲಿಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಬರಬಹುದಿತ್ತು. ಪುಟ್ಟಲಿಂಗಮ್ಮ ಕೈಯಲ್ಲಿದ್ದ ಬಾಳೆಹಣ್ಣನ್ನು ನೋಡುತ್ತಾ ನಿಂತಳು. "ನನ್ನ ಗಂಡ ನಿಮ್ಮ ಮನೆ ಕೆಲಸ ಮಾಡ್ತಾ ಸತ್ತ ಅಂತ ಒಂದು ಮಾತು ಬರ್ಕೊಡಿ ಅಮ್ಮಾವ್ರೇ" ಎಂದಳು. ಲಕ್ಷ್ಮಮ್ಮನ ಮುಖದಲ್ಲಿ ಮರುಕ ಹಾಗೇ ಇತ್ತು, ಆದರೆ ಅದು ಹಿಂದಕ್ಕೆ ಸರಿಯಿತು. "ಕೆಲಸ ಶುರುವಾಗಿದ್ದೇ ನಿನ್ನೆ ಅಲ್ವೇನಮ್ಮ? ನೀನೇ ಹೇಳಿದ್ಯಲ್ಲ" ಎಂದರು. ಹೌದು. ಅವಳೇ ಹೇಳಿದ್ದು. ಪುಟ್ಟಲಿಂಗಮ್ಮ ಹಣ್ಣನ್ನು ಗೇಟಿನ ಕಂಬದ ಮೇಲೆ ಇಟ್ಟು ಬಂದಳು.

ಕಾರ್ತಿಕದಲ್ಲಿ ಒಂದು ಸಂಜೆ ಸಂಜಯ್ ಕುಂಬಾರಕೊಪ್ಪಲಿನ ಮನೆ ಹುಡುಕಿಕೊಂಡು ಬಂದ. ಇಳಿದುಹೋಗಿದ್ದ. ಆ ಕಂಪನಿ ಬಿಟ್ಟೆ ಎಂದ. ಒಂದು ಕವರು ಧರಣಿಯ ಕೈಗೆ ಕೊಟ್ಟು, "ಇದರಲ್ಲಿ ಹುಚ್ಚಯ್ಯಣ್ಣನ ವಿಷಯ ಇದೆ" ಎಂದಷ್ಟೇ ಹೇಳಿ, ಕೊಟ್ಟ ನೀರನ್ನೂ ಪೂರ್ತಿ ಕುಡಿಯದೆ ಹೋದ.

ಅದು ಯಾದವಗಿರಿಯ ಮಣ್ಣಿನ ವರದಿ. ಇಂಗ್ಲಿಷಿನಲ್ಲಿತ್ತು. ಧರಣಿ ಬೆರಳಿಟ್ಟುಕೊಂಡು ಓದಿ ಅವ್ವನಿಗೆ ಹೇಳಿದಳು. ಮೂರನೆಯ ಗುಂಡಿ, ತಾರೀಕು ಅವತ್ತಿನದೇ. ಎಷ್ಟಡಿಯವರೆಗೆ ಯಾವ ಮಣ್ಣು, ಯಾವ ಬಣ್ಣ, ಎಲ್ಲ ಇತ್ತು. ಕೊನೆಯ ಖಾನೆಯಲ್ಲಿ ಒಂದು ಸಾಲು: 'ಒಂಬತ್ತು ಅಡಿ ಆಳದಲ್ಲಿ ಪಕ್ಕದ ಮಣ್ಣು ಕುಸಿದದ್ದರಿಂದ ಗುಂಡಿಯನ್ನು ಅಲ್ಲಿಗೇ ನಿಲ್ಲಿಸಲಾಗಿದೆ.'

"ಅಷ್ಟೇನಾ?" ಎಂದಳು ಪುಟ್ಟಲಿಂಗಮ್ಮ.

"ಅಷ್ಟೇ."

ಆ ಒಂದು ಸಾಲನ್ನು ಹಿಡಿದುಕೊಂಡು ಅವ್ವ ಮಗಳು ಪರಿಹಾರದ ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಹೋದರು. ಶ್ರಾವಣದಲ್ಲಿ ಅರ್ಜಿ ಹಾಕಿದಾಗಿನಿಂದ ಅಲ್ಲಿಗೆ ಅಲೆದು ಅಲೆದು ಪುಟ್ಟಲಿಂಗಮ್ಮನ ಚಪ್ಪಲಿಯ ಹಿಮ್ಮಡಿ ಆಗಲೇ ಸವೆದಿತ್ತು. ಅಲ್ಲಿದ್ದ ಅಧಿಕಾರಿ ಪ್ರೇಮಲೀಲಾ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಹುಡುಕುವಂಥ ಹೆಂಗಸು, ಆದರೆ ಕೇಳಿಸಿಕೊಳ್ಳುವ ಬುದ್ಧಿಯಿದ್ದವರು. ಪೊಲೀಸರು ಬರೆದುಕೊಂಡ ಹೇಳಿಕೆ, ಮಣ್ಣಿನ ವರದಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು.

"ಮಣ್ಣು ನೋಡೋದು ಅಂದ್ರೆ ಏನಮ್ಮ?"

"ಅಗಿಯೋದು ತಾಯಿ."

"ಅಗಿಯೋದು ಅಂತ ಯಾಕೆ ಹೇಳಲಿಲ್ಲ?"

"ಅಂಗನ್ಬಾರ್ದು ತಾಯಿ. ಪೂಜೆ ಆಗಿರಕಿಲ್ವಲ್ಲ."

ಪ್ರೇಮಲೀಲಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಈ ವರದೀಲಿ ಗುಂಡಿ ಕುಸೀತು ಅಂತಿದೆ. ಒಳಗೆ ಮನುಷ್ಯ ಇದ್ದ ಅಂತ ಇಲ್ವಲ್ಲಮ್ಮ," ಎಂದರು.

"ಮನ್ಸ ಇಲ್ದೆ ಗುಂಡಿ ಒಂಬತ್ತಡಿಗೆ ಎಂಗ್ ಓಯ್ತು ತಾಯಿ? ತಾನೇ ತೋಡ್ಕಂಡು ತಾನೇ ಕುಸುದ್ಬುಡ್ತಾ?"

ಪ್ರೇಮಲೀಲಾ ವರದಿಯ ಆ ಸಾಲನ್ನು ಇನ್ನೊಂದು ಸಲ ಓದಿದರು. ಆಮೇಲೆ, ತನಗೆ ನಂಬಿಕೆಯಿದೆ, ಆದರೆ ತೀರ್ಮಾನ ಮಾಡುವವರು ಮೇಲಿನವರು, ಅವರು ನೋಡುವುದು ಮೊದಲ ಹೇಳಿಕೆಯನ್ನು ಎಂದರು. ಅವತ್ತು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡು, ಯಾಕೆ ಹಾಗೆ ಹೇಳಿದಿರಿ ಎಂಬುದನ್ನು ಬಿಡಿಸಿ ಇನ್ನೊಂದು ಹೇಳಿಕೆ ಬರೆದುಕೊಟ್ಟರೆ ಕಡತದ ಜೊತೆ ಕಳಿಸುತ್ತೇನೆ ಎಂದರು. "ಇದ್ದದ್ದು ಇದ್ದ ಹಾಗೇ ಬರೀರಿ. ಏನೂ ಮುಚ್ಚಿಡಬೇಡಿ."

ಧರಣಿಗೆ ಅದು ಸರಿಬರಲಿಲ್ಲ. ಸುಳ್ಳು ಹೇಳಿದೆ ಎಂದು ಬರೆದುಕೊಟ್ಟರೆ ಅದೇ ಕುತ್ತಿಗೆಗೆ ಬರುತ್ತೆ ಎಂದಳು. ಗಾಬರಿಯಲ್ಲಿ ಏನೋ ಅಂದೆ ಎಂದು ಬರೆದರೆ ಸಾಕು ಎಂದಳು. ಪುಟ್ಟಲಿಂಗಮ್ಮ ಒಪ್ಪಲಿಲ್ಲ. ನಯದ ಮಾತು ಆಡಿ ಆಡಿ ಈ ಗತಿ ಬಂತು, ಈ ಒಂದು ಸಲವಾದರೂ ಇದ್ದದ್ದನ್ನು ಹೇಳುತ್ತೇನೆ ಎಂದು ಹಟ ಹಿಡಿದಳು. ಕಚೇರಿಯ ಕಟ್ಟೆಯ ಮೇಲೆ ಕೂತು ಅವಳು ಹೇಳಿದಳು, ಮಗಳು ಬರೆದಳು.

'ನನ್ನ ಗಂಡ ಹುಚ್ಚಯ್ಯ ಗುಂಡಿ ತೋಡುವ ಕೆಲಸ ಮಾಡುತ್ತಿದ್ದಾಗ ಮಣ್ಣು ಕುಸಿದು ಸತ್ತ. ಕೆಲಸ ಶುರುವಾಗಿರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ನಾವು ಹೋದ ಗಳಿಗೆಯಿಂದಲೇ ಕೆಲಸ ಶುರುವಾಗುತ್ತದೆ. ಮನೆಯವರಿಗೆ ಬೇಜಾರಾಗಬಾರದು ಎಂದು ಈ ಸುಳ್ಳನ್ನು ಇಪ್ಪತ್ತಾರು ವರ್ಷದಿಂದ ಎಲ್ಲ ಕಡೆಯೂ ಹೇಳಿಕೊಂಡು ಬಂದಿದ್ದೇನೆ. ಅಂಚಿಗೆ ಮಣ್ಣು ಹಾಕಿದವಳೂ ನಾನೇ.'

ಕೊನೆಯ ಸಾಲಿಗೆ ಧರಣಿಯ ಪೆನ್ನು ನಿಂತಿತು. ಅವ್ವನ ಮುಖ ನೋಡಿದಳು. ಪುಟ್ಟಲಿಂಗಮ್ಮ ರಸ್ತೆಯ ಕಡೆ ನೋಡುತ್ತಿದ್ದಳು. "ಬರಿ" ಎಂದಳು. ಮಗಳು ಬರೆದಳು.

ಆಮೇಲೆ ಕಾದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪ್ರೇಮಲೀಲಾ ಕೊಡಲು ತಯಾರಿದ್ದ ಪೂಜಾರಿ, ಮೇಲಿದ್ದ ದೇವರಿಗೇ ಮನಸ್ಸಿರಲಿಲ್ಲ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಈ ನಡುವೆ ಪ್ರೇಮಲೀಲಾಗೆ ಬೇರೆ ಊರಿಗೆ ವರ್ಗವಾಯಿತು. ಪುಟ್ಟಲಿಂಗಮ್ಮ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿಕೊಂಡಳು. ಯಾದವಗಿರಿಯ ಕಡೆ ಹೋಗುವ ಬಸ್ಸು ಹತ್ತುವುದನ್ನು ಬಿಟ್ಟಳು. ಕಟ್ಟಡ ಮೂರನೆಯ ಅಂತಸ್ತಿಗೆ ಬಂದಿದೆ ಎಂದು ಯಾರೋ ಹೇಳಿದರು.

ಜ್ಯೇಷ್ಠ ಮಾಸದಲ್ಲಿ, ಹುಚ್ಚಯ್ಯ ಸತ್ತು ಹನ್ನೊಂದು ತಿಂಗಳಾದ ಮೇಲೆ, ಉತ್ತರ ಬಂತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಧರಣಿ ಅದನ್ನು ಓದತೊಡಗಿ ಅರ್ಧಕ್ಕೇ ನಿಲ್ಲಿಸಿದಳು. ಪುಟ್ಟಲಿಂಗಮ್ಮ ಬಿಡಲಿಲ್ಲ. ಓದು ಎಂದಳು.

'ಅರ್ಜಿದಾರರು ತಮ್ಮ ಎರಡನೇ ಹೇಳಿಕೆಯಲ್ಲಿ, ತಾವು ಇಪ್ಪತ್ತಾರು ವರ್ಷಗಳಿಂದ ಸುಳ್ಳು ಹೇಳಿಕೊಂಡು ಬಂದಿರುವುದಾಗಿ ಸ್ವತಃ ಒಪ್ಪಿಕೊಂಡಿರುತ್ತಾರೆ. ಆದ್ದರಿಂದ ಸದರಿಯವರ ಮಾತು ನಂಬಿಕೆಗೆ ಅರ್ಹವಲ್ಲ. ಅಲ್ಲದೆ ಮಣ್ಣನ್ನು ಗುಂಡಿಯ ಅಂಚಿಗೆ ಹಾಕಿದವರು ತಾವೇ ಎಂದೂ ಒಪ್ಪಿಕೊಂಡಿರುವುದರಿಂದ, ಅರ್ಜಿಯನ್ನು ತಿರಸ್ಕರಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.'

"ಯೋಳ್ದೆ ತಾನೆ ನಾನು, ಅಂಗ್ ಬರೀಬ್ಯಾಡ ಅಂತ!" ಧರಣಿ ಅಳುತ್ತಾ ಕೂಗಿದಳು. "ಇದ್ದುದ್ ಇದ್ದಂಗೆ ಯೋಳಕ್ ಓಗ್ತಾಳೆ! ಯಾರವ್ವ ಕೇಳಿದ್ರು ನಿನ್ನ?"

ಪುಟ್ಟಲಿಂಗಮ್ಮ ಗೋಡೆಗೆ ಒರಗಿಕೊಂಡು, ಮಗಳ ಅಳು ತಗ್ಗುವವರೆಗೂ ಕಾದಳು. ಆಮೇಲೆ ಕಾಗದದ ಮೇಲ್ಗಡೆ ದಪ್ಪಗೆ ಅಚ್ಚಾಗಿದ್ದ ಸಾಲನ್ನು ಬೆರಳಲ್ಲಿ ತೋರಿಸಿದಳು.

"ಇದೇನಿದು? ಇದ್ನ ಓದ್ನಿಲ್ಲ ನೀನು."

"ಅದು ವಿಷಯ ಅಂತ ಹಾಕಿರ್ತಾರೆ ಕಣವ್ವ, ಎಲ್ಲಾ ಕಾಗ್ದಕ್ಕೂ."

"ಓದು."

ಧರಣಿ ಮೂಗು ಒರೆಸಿಕೊಂಡು ಓದಿದಳು. 'ವಿಷಯ: ಮೃತ ಕಾರ್ಮಿಕ ಹುಚ್ಚಯ್ಯ ಇವರ ಅವಲಂಬಿತರು ಸಲ್ಲಿಸಿರುವ ಅರ್ಜಿಯ ಬಗ್ಗೆ.'

ಯಾವನೋ ಗುಮಾಸ್ತ, ಇಂಥ ಕಾಗದಗಳಿಗೆಲ್ಲ ಹಾಕುವ ಸಾಲನ್ನೇ ಕೈಗೆ ಬಂದ ಹಾಗೆ ಇದಕ್ಕೂ ಹಾಕಿದ್ದ. ಕೆಳಗೆ ಬರೆದ ಆದೇಶಕ್ಕೂ ಅದಕ್ಕೂ ತಾಳಮೇಳವಿರಲಿಲ್ಲ, ಸಹಿ ಮಾಡಿದವರೂ ನೋಡಿರಲಿಲ್ಲ. ಪುಟ್ಟಲಿಂಗಮ್ಮ ಇನ್ನೊಂದು ಸಲ ಓದಿಸಿದಳು. 'ಕಾರ್ಮಿಕ ಹುಚ್ಚಯ್ಯ' ಎಂಬ ಎರಡು ಪದ ಎಲ್ಲಿವೆ ಎಂದು ಕೇಳಿ, ಅವುಗಳ ಮೇಲೆ ಬೆರಳಿಟ್ಟು ಮತ್ತೂ ಒಂದು ಸಲ ಓದಿಸಿದಳು.

"ಇಲ್ಲ ಅನ್ನಕ್ಕಾದ್ರೂವೆ ನಿಮ್ಮಪ್ಪುನ್ನ ಕಾರ್ಮಿಕ ಅಂತ ಕರೀಬೇಕಾಯ್ತಲ್ಲವ್ವ ಇವ್ರು," ಎಂದಳು.

ಹೇಳಿ ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗು ನಿಲ್ಲದೆ ಹೋದಾಗ ಧರಣಿ ಹೆದರಿ, ಕಾಗದವನ್ನು ಅವಳ ಕೈಯಿಂದ ಬಿಡಿಸಿಕೊಳ್ಳಲು ನೋಡಿದಳು. ಪುಟ್ಟಲಿಂಗಮ್ಮ ಬಿಟ್ಟುಕೊಡಲಿಲ್ಲ.